ಚೆಂಡು ಹೂವಿನ ಮುಂದೆ ನಿಂತ ಬಿಳಿ ವ್ಯಾನು

ಸಾಂತಾ ಇನೆಸ್‌ನಲ್ಲಿ ಯಾರಾದರೂ ಸತ್ತರೆ ಸುದ್ದಿ ಮೊದಲು ಬೆನಿಗ್ನಾಗೆ ಹೋಗುತ್ತದೆ, ಆಮೇಲೆ ಪಾದ್ರಿಗೆ. ಅವಳ ಮನೆ ಇರುವುದು ಚೌಕದ ಮೂಲೆಯಲ್ಲಿ, ಇಗರ್ಜಿಗೆ ಎದುರಾಗಿ. ತಾರಸಿಯ ಮೇಲೆ ಕಬ್ಬಿಣದ ಕಂಬ, ಕಂಬಕ್ಕೆ ದಿಕ್ಕಿಗೊಂದರಂತೆ ನಾಲ್ಕು ಲೌಡ್‌ಸ್ಪೀಕರ್. ಇಪ್ಪತ್ತೆರಡು ವರ್ಷಗಳಿಂದ ಆ ಊರಿಗೆ ಬೆಳಗಾಗುವುದು ಅವಳ ಗಂಟಲಿನಿಂದ. ಮೊದಲು ಅರ್ಧ ನಿಮಿಷ ಯಾವುದೋ ಹಳೆಯ ಹಾಡು ಗೊರಗೊರ ಎನ್ನುತ್ತದೆ, ಆಮೇಲೆ ಅವಳು ಕೆಮ್ಮುತ್ತಾಳೆ, ಆಮೇಲೆ ಶುರು. ಇಂಥವರ ಮನೆಯಲ್ಲಿ ಜೋಳದ ಹಿಟ್ಟಿನ ಬಿಸಿ ತಮಾಲೆ ಸಿದ್ಧವಾಗಿದೆ, ಇಂಥವರ ಕಂದು ಕತ್ತೆ ತಪ್ಪಿಸಿಕೊಂಡಿದೆ, ನಾಳೆ ಮಕ್ಕಳಿಗೆ ಲಸಿಕೆ, ಇಂಥವರು ತೀರಿಕೊಂಡರು.

ಸಾವಿನ ವಿಷಯದಲ್ಲಿ ಮಾತ್ರ ಅವಳು ಬಲು ಕಟ್ಟುನಿಟ್ಟು. ಹಿಂದೊಮ್ಮೆ ಯಾರೋ ಫೋನಿನಲ್ಲಿ ಹೇಳಿದ್ದನ್ನು ನಂಬಿ ಮುದುಕ ದೋನ್ ಕ್ರೆಸೆನ್ಸಿಯೋ ತೀರಿಕೊಂಡರು ಎಂದು ಕೂಗಿಬಿಟ್ಟಿದ್ದಳು. ಅರ್ಧ ಗಂಟೆಯಲ್ಲಿ ದೋನ್ ಕ್ರೆಸೆನ್ಸಿಯೋ ತಾವೇ ಕೋಲೂರಿಕೊಂಡು ಬಂದು, "ನನ್ನ ತಿಥಿ ಊಟ ಎಲ್ಲಿಟ್ಟಿದ್ದೀಯ ಬೆನಿಗ್ನಾ?" ಎಂದು ಕೇಳಿದ್ದರು. ಅಂದಿನಿಂದ ಸತ್ತವರ ಮನೆಯವರು ಖುದ್ದಾಗಿ ಬಂದು ಎದುರಿಗೆ ನಿಂತು ಹೇಳಿದರೆ ಮಾತ್ರ ಮೈಕು. ಸತ್ತವರ ಬಗ್ಗೆ ಇಷ್ಟು ಹುಷಾರಾಗಿದ್ದ ಹೆಂಗಸು ಬದುಕಿರುವವರ ಬಗ್ಗೆ ಆ ಬುಧವಾರ ಯಾಕೆ ಹಾಗೆ ಮಾಡಿದಳೋ ಕಾಣೆ. ಮಾಡಿದಳು, ಅಷ್ಟೇ.

ಏಪ್ರಿಲ್ ತಿಂಗಳು. ಬೆಳಿಗ್ಗೆ ಏಳೂಮುಕ್ಕಾಲಿಗೆ ಎಲೋಯಿಸಾ ಅವಳ ಫೋನಿಗೆ ಒಂದು ಸುದ್ದಿ ಕಳಿಸಿದಳು. ಎಲೋಯಿಸಾ ಎಂದರೆ ಹೊರಗಿನವಳಲ್ಲ, ಕೊಮಾದ್ರೆ. ಎಲೋಯಿಸಾಳ ಮಗಳು ನಾಯೆಲಿಯ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿ ಹಿಡಿದು ಧರ್ಮಮಾತೆ, ಅವರ ಮಾತಿನಲ್ಲಿ ಮದ್ರೀನಾ, ಆದವಳು ಬೆನಿಗ್ನಾ. ಅಲ್ಲಿಂದ ಮುಂದೆ ಇಬ್ಬರು ಹೆಂಗಸರೂ ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಒಬ್ಬರ ಅಡುಗೆಮನೆಯ ಉಪ್ಪು ಇನ್ನೊಬ್ಬರ ಅಡುಗೆಮನೆಯಲ್ಲೇ ಇರುವುದು.

ಸುದ್ದಿ 'ಕಣಿವೆ ಕ್ಷಣಕ್ಷಣ' ಎಂಬ ತಾಣದ್ದು. ಜಿಲ್ಲಾ ಕೇಂದ್ರದಲ್ಲಿ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು ಒಬ್ಬನೇ ಮನುಷ್ಯ ನಡೆಸುವ ಪತ್ರಿಕೆ ಅದು. ಫೋಟೋದಲ್ಲಿ ಒಂದು ಬಿಳಿ ವ್ಯಾನು, ಟೋಪಿ ಹಾಕಿದ ಒಬ್ಬ ಗಂಡಸು, ಅವನು ವ್ಯಾನಿನೊಳಕ್ಕೆ ಎತ್ತಿ ಹಾಕುತ್ತಿರುವ ಪುಟ್ಟ ಹುಡುಗಿ. ಹುಡುಗಿಯ ಮೈಮೇಲೆ ಸಾಂತಾ ಇನೆಸ್ ಶಾಲೆಯ ಗಾಢ ಕೆಂಪು ಸ್ವೆಟರು. ಕೆಳಗೆ ದಪ್ಪಕ್ಷರದಲ್ಲಿ, 'ಇಂದು ನಸುಕಿನಲ್ಲಿ ಸಾಂತಾ ಇನೆಸ್ ರೈಲು ಹಳಿ ಬಳಿ ಮಕ್ಕಳ ಅಪಹರಣ! ಹೊಂಡುರಾಸ್ ವಲಸಿಗರ ಗ್ಯಾಂಗಿನ ಕೈವಾಡ!'

ಅದರ ಹಿಂದೆಯೇ ಎಲೋಯಿಸಾಳ ದನಿ ಬಂತು. "ಕೊಮಾದ್ರೆ, ಇನ್ನೂ ಕಾಫಿ ಕುಡೀತಾ ಕೂತಿದ್ದೀಯಾ? ನೋಡೇ, ನಮ್ಮ ಶಾಲೆ ಸ್ವೆಟರು ಕಣೇ! ಬೇಗ ಕೂಗು, ಎಲ್ಲಾ ಬಿಟ್ಟು ಇದನ್ನ ಕೂಗು!"

ಬೆನಿಗ್ನಾ ಆವತ್ತು ಹಾಡನ್ನೂ ಹಾಕಲಿಲ್ಲ, ಕೆಮ್ಮಲೂ ಇಲ್ಲ.

"ತಾಯಂದಿರೇ, ಎಚ್ಚರ! ರೈಲು ಹಳಿ ಹತ್ರ ಮಕ್ಕಳ ಕಳ್ಳರು ಬಂದಿದ್ದಾರೆ. ಮಕ್ಕಳ ಕೈ ಬಿಡಬೇಡಿ. ಹಳಿ ಕಡೆ ಇರೋರು ಮಕ್ಕಳನ್ನ ಎತ್ಕೊಂಡು ಊರೊಳಗೆ ಬಂದ್ಬಿಡಿ. ಹೊಂಡುರಾಸ್‌ನೋರು, ಬಿಳಿ ವ್ಯಾನು. ಗುರುತಿಲ್ಲದೋರು ಕಂಡ್ರೆ ಬಿಡಬೇಡಿ, ಹಿಡ್ಕೊಳ್ಳಿ!"

ಎಂಟಕ್ಕೆ ಒಮ್ಮೆ, ಎಂಟೂವರೆಗೆ ಒಮ್ಮೆ, ಒಂಬತ್ತಕ್ಕೆ ಮತ್ತೊಮ್ಮೆ ಕೂಗಿದಳು. ಪ್ರತಿ ಸಲವೂ ದನಿ ಇನ್ನಷ್ಟು ಏರಿತು. ಮೈಕು ಹಿಡಿದವರಿಗೆ ತಮ್ಮ ದನಿಯೇ ಒಂದು ಅಮಲು.

ಹತ್ತೂಕಾಲಿಗೆ ಇಗರ್ಜಿಯ ಗಂಟೆ ಹೊಡೆದುಕೊಂಡಿತು. ಪೂಜೆಯ ಗಂಟೆ ನಿಧಾನ, ಸಾವಿನ ಗಂಟೆ ಇನ್ನೂ ನಿಧಾನ. ಇದು ಉಸಿರು ಬಿಡದೆ ಹೊಡೆಯುವ ಗಂಟೆ. ಬೆಂಕಿ ಬಿದ್ದರೆ ಹೊಡೆಯುತ್ತಾರೆ, ಪ್ರವಾಹ ಬಂದರೆ ಹೊಡೆಯುತ್ತಾರೆ, ಮತ್ತೆ ಇನ್ನೊಂದಕ್ಕೂ ಹೊಡೆಯುತ್ತಾರೆ. ಆ ಇನ್ನೊಂದರ ಹೆಸರನ್ನು ನಮ್ಮ ಕಡೆಯ ಯಾವ ಊರಿನಲ್ಲೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಕಲ್ಲು ಹಿಡಿದು ಬರಬೇಕು ಎಂದು ಎಲ್ಲರಿಗೂ ಗೊತ್ತಿರುತ್ತದೆ.

ಬೆನಿಗ್ನಾ ತಾರಸಿಯಿಂದ ಬಗ್ಗಿ ನೋಡಿದಳು. ಮುನ್ನೂರು ಜನಕ್ಕೆ ಕಡಿಮೆಯಿಲ್ಲ. ನಡುವೆ ಒಬ್ಬ ಗಂಡಸನ್ನು ಅಂಗಿ ಹಿಡಿದು ಎಳೆದು ತರುತ್ತಿದ್ದರು, ಹಣೆಯಿಂದ ರಕ್ತ ಸುರಿಯುತ್ತಿತ್ತು. ಹಿಂದೆ ಒಬ್ಬ ಹೆಂಗಸನ್ನು ಕೂದಲು ಹಿಡಿದು ತರುತ್ತಿದ್ದರು. ಎಲೋಯಿಸಾಳ ತೋಳಲ್ಲಿ ನಾಲ್ಕು ವರ್ಷದ ಒಂದು ಹೆಣ್ಣುಮಗು. ಮೈಮೇಲೆ ಗಾಢ ಕೆಂಪು ಸ್ವೆಟರು, ಎದೆಯ ಮೇಲೆ ಶಾಲೆಯ ಲಾಂಛನ.

ನಿಜ ಹೇಳಬೇಕೆಂದರೆ ಬೆನಿಗ್ನಾಗೆ ಆ ಕ್ಷಣ ಹೆಮ್ಮೆಯಾಯಿತು. ನಾನು ಕೂಗಿದ್ದಕ್ಕೇ ಸಿಕ್ಕಿಬಿದ್ದರು ಎಂದುಕೊಂಡಳು. ಹಾಗೆ ಅಂದುಕೊಂಡದ್ದನ್ನು ಅವಳು ಆಮೇಲೆ ಯಾರ ಹತ್ತಿರವೂ ಮುಚ್ಚಿಡಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವಳು.

ಅವಳು ಕೆಳಗಿಳಿದು ಚೌಕಕ್ಕೆ ಬರುವಷ್ಟರಲ್ಲಿ ಕಮಾಂಡೆಂಟ್ ರೊಸೆಂಡೋ ತನ್ನ ಇಬ್ಬರು ಪೇದೆಗಳನ್ನು ಕಟ್ಟಿಕೊಂಡು ಹೇಗೋ ಆ ಗಂಡ ಹೆಂಡಿರನ್ನು ಠಾಣೆಯ ಕೋಣೆಯೊಳಕ್ಕೆ ತಳ್ಳಿ ಕಬ್ಬಿಣದ ಬಾಗಿಲು ಹಾಕಿಕೊಂಡಿದ್ದ. ಬಾಗಿಲಿನ ಮುಂದೆ ನಿಂತ ಅವನ ಮುಖ ಸುಣ್ಣ ಬಳಿದಂತಿತ್ತು. ಜಿಲ್ಲಾ ಕೇಂದ್ರದಿಂದ ಪಡೆ ಬರಲು ಒಂದು ಗಂಟೆ ಬೇಕು. ಅಷ್ಟರಲ್ಲಿ ಇಬ್ಬರು ಮೋಟಾರ್‌ಬೈಕ್ ಹತ್ತಿ ಹೆದ್ದಾರಿಯ ಬಂಕಿಗೆ ಹೋದರು. ಯಾಕೆ ಹೋದರು ಎಂದು ಯಾರೂ ಕೇಳಲಿಲ್ಲ. ಒಬ್ಬನ ಕೈಯಲ್ಲಿ ಖಾಲಿ ಕ್ಯಾನು ಇತ್ತು. ಹೋಗಿ ಬರಲು ಇಪ್ಪತ್ತೈದು ನಿಮಿಷ.

"ಅದೇನು ಧೈರ್ಯ ನೋಡಿ! ಸೀದಾ ಚೌಕಕ್ಕೇ ಬಂದ್ರಲ್ಲ!" ಎಂದು ಯಾರೋ ಹೇಳಿದರು.

"ಇನ್ನೊಂದು ಮಗು ಎತ್ಕೊಂಡು ಹೋಗೋಕೆ ಬಂದಿರ್ತಾರೆ."

ಎಲೋಯಿಸಾ ಇಗರ್ಜಿಯ ಮೆಟ್ಟಿಲ ಮೇಲೆ ಮಗುವನ್ನು ಅವುಚಿಕೊಂಡು ಕುಳಿತಿದ್ದಳು. ಅವಳ ಅಂಗೈ ಕೆಂಪಗಾಗಿತ್ತು, ಗಂಟೆಯ ಹಗ್ಗ ಎಳೆದವಳು ಅವಳೇ. ಮಗು ಅವಳ ಹೆಗಲಿನಿಂದಾಚೆ ಕಬ್ಬಿಣದ ಬಾಗಿಲಿನ ಕಡೆಗೆ ಎರಡೂ ಕೈ ಚಾಚಿ 'ಮಾಮಿ, ಮಾಮಿ' ಎಂದು ಕಿರುಚುತ್ತಿತ್ತು. ಬಾಗಿಲಿನ ಒಳಗಿನಿಂದ ಒಂದು ಹೆಂಗಸಿನ ದನಿ ಪ್ರತಿ ಸಲವೂ ಉತ್ತರ ಕೊಡುತ್ತಿತ್ತು.

ಬೆನಿಗ್ನಾ ಮೆಟ್ಟಿಲು ಹತ್ತಿ ಎಲೋಯಿಸಾಳ ಕಡೆಗೆ ಬಾಗಿದಳು.

"ಕೊಮಾದ್ರೆ, ಮಗು ಅವಳನ್ನ ಕರೀತಿದೆಯಲ್ಲೇ."

"ಏನೋ ಮದ್ದು ಹಾಕಿದ್ದಾರೆ ಕಣೆ. ಕಳ್ಳರಿಗೆ ಅದೆಲ್ಲಾ ಗೊತ್ತಿರುತ್ತೆ. ಸ್ವೆಟರ್ ನೋಡು! ನಮ್ಮ ಲಾಂಛನ ಇಲ್ವಾ?" ಎಲೋಯಿಸಾ ಮಗುವಿನ ಎದೆಯನ್ನು ಬೆರಳಿಂದ ಕುಟ್ಟಿ ತೋರಿಸಿದಳು.

"ಇದು ಯಾರ ಮಗು ಹಾಗಾದ್ರೆ? ಈ ಊರಲ್ಲಿ ನನಗೆ ಗೊತ್ತಿಲ್ಲದ ಮಗು ಯಾವುದೇ?"

"ಯಾರದೋ ಒಂದು. ತಾಯಿ ಎಲ್ಲೋ ಎದೆ ಬಡ್ಕೊಂಡು ಅಳ್ತಿರ್ತಾಳೆ. ನೀನೇನು ಈಗ ಅವರ ಪರ ವಕೀಲಿಕೆಗೆ ನಿಂತ್ಯಾ?"

ಬೆನಿಗ್ನಾ ಗುಂಪಿನಿಂದ ಹೊರಬಂದು ಶಾಲೆಗೆ ಫೋನು ಮಾಡಿದಳು. ಎಂಟು ಗಂಟೆಗೆ ಮಾಡಬೇಕಿದ್ದ ಫೋನು ಅದು. ಮುಖ್ಯೋಪಾಧ್ಯಾಯಿನಿ ಹಾಜರಿ ನೋಡಿ ಹೇಳಿದಳು: "ನೂರಾಹನ್ನೆರಡರಲ್ಲಿ ನೂರಾಹತ್ತು ಬಂದಿವೆ ದೋನ್ಯಾ ಬೆನಿಗ್ನಾ. ಎರಡಕ್ಕೆ ಮಂಗನಬಾವು. ಮನೇಲಿ ಮಲಗಿವೆ, ನಾನೇ ನೋಡ್ಕೊಂಡು ಬಂದಿದ್ದೀನಿ. ನಿಮ್ಮ ಕೂಗು ಕೇಳಿ ಗೇಟು ಹಾಕ್ಕೊಂಡು ಕೂತಿದ್ದೀವಿ. ಅದೇನು ಗಂಟೆ?"

ಅವಳು ಓಡಿ ಹೋಗಿ ರೊಸೆಂಡೋಗೆ ಹೇಳಿದಳು. ಅವನು ತುಟಿ ಅಲ್ಲಾಡಿಸದೆ ಉತ್ತರ ಕೊಟ್ಟ.

"ನನಗೆ ಹೇಳಿ ಏನ್ ಮಾಡ್ತೀರಿ ದೋನ್ಯಾ? ನಂದು ಮೂರು ಲಾಠಿ. ನೀವು ಹತ್ತಿಸಿದ್ದು, ನೀವೇ ಇಳಿಸಿ. ಬೇಗ ಇಳಿಸಿ."

ಅವಳು ಅಲ್ಲೇ ಕಟ್ಟೆಯ ಮೇಲೆ ಹತ್ತಿ ನಿಂತು ಶಾಲೆಯ ಮಕ್ಕಳೆಲ್ಲ ಇದ್ದಾರೆ, ಒಂದೂ ಕಾಣೆಯಾಗಿಲ್ಲ ಎಂದು ಕೂಗಿದಳು. "ಹಾಗಾದ್ರೆ ಪಕ್ಕದೂರಿನ ಮಗು!" ಎಂದಿತು ಗುಂಪು. "ಪಕ್ಕದೂರಿನ ಮಗುಗೆ ನಮ್ಮ ಸ್ವೆಟರ್ ಎಲ್ಲಿಂದ ಬಂತು?" ಎಂದು ಅವಳು ಕೇಳಿದ್ದಕ್ಕೆ "ಅದನ್ನೇ ಒಳಗಿರೋರನ್ನ ಕೇಳೋಣ, ಬಾಗಿಲು ತೆಗೆಸಿ!" ಎಂದಿತು. ಸಿಟ್ಟಿನಲ್ಲಿರುವ ಜನಕ್ಕೆ ಯಾವ ಮಾತು ಕೊಟ್ಟರೂ ಸೌದೆಯೇ.

ಆಗ ಅವಳ ಫೋನು ಹೊಡೆದುಕೊಂಡಿತು. ನಾಯೆಲಿ.

ನಾಯೆಲಿ ರಾಜಧಾನಿಯಲ್ಲಿ ಒಂದು ಪುಟ್ಟ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಸುದ್ದಿ ನಿಜವೋ ಸುಳ್ಳೋ ಎಂದು ನೋಡಿ ಹೇಳುವುದು ಅವರ ಕೆಲಸ. ಹೆತ್ತ ತಾಯಿಗೆ ಅದು ಕೆಲಸವೆಂದೇ ಅನ್ನಿಸಿರಲಿಲ್ಲ. 'ನನ್ನ ಮಗಳು ಊರವರ ಸುಳ್ಳು ಆರಿಸ್ತಾಳೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ' ಎಂದು ಎಲೋಯಿಸಾ ಸಂತೆಯಲ್ಲಿ ಹೇಳಿ ನಗಿಸುತ್ತಿದ್ದಳು.

"ಮದ್ರೀನಾ, ಅಮ್ಮ ಫೋನ್ ಎತ್ತುತ್ತಿಲ್ಲ. ಅದನ್ನ ಮೈಕಲ್ಲಿ ಓದಿದ್ದು ನೀವೇನಾ?"

"ನಾನೇ ಮಗಳೇ."

"ಯಾರನ್ನ ಕೇಳಿ ಓದಿದ್ರಿ?"

ಕತ್ತೆ ಕಳೆದುಹೋದರೂ ಯಾವ ಬಣ್ಣ, ಯಾವ ಕಿವಿ ಹರಿದಿದೆ ಎಂದು ಕೇಳುವವಳು ಬೆನಿಗ್ನಾ, ಇವತ್ತು ಯಾರನ್ನೂ ಕೇಳಿರಲಿಲ್ಲ.

"ಸರಿ, ಆಮೇಲೆ ಬೈತೀನಿ. ಕೇಳಿ. ಅದೇ ಫೋಟೋನ ಬೆಳಿಗ್ಗೆಯಿಂದ ಇನ್ನೂ ಎರಡು ಊರಿನ ಹೆಸರು ಹಾಕಿ ಹಂಚಿದ್ದಾರೆ. ಹಳೇದು ಅಂತ ನನಗೆ ಅನುಮಾನ. ಆದ್ರೆ ಯಾರೋ ಅಂಚು ಕತ್ತರಿಸಿದ್ದಾರೆ, ಮೂಲ ಫೋಟೋ ಇನ್ನೂ ಸಿಕ್ಕಿಲ್ಲ. ಮೂಲ ಸಿಗದೆ ಸುಳ್ಳು ಅಂತ ಬರೆಯೋ ಹಾಗಿಲ್ಲ."

"ಮಗಳೇ, ಇಲ್ಲಿ ಪೆಟ್ರೋಲ್ ತರೋಕೆ ಹೋಗಿದ್ದಾರೆ."

"ಎಷ್ಟು ಹೊತ್ತಿದೆ?"

"ಹದಿನೈದು ನಿಮಿಷ. ಇಲ್ಲ, ಅಷ್ಟೂ ಇಲ್ಲ."

"ಮದ್ರೀನಾ, ಫೋಟೋ ದೊಡ್ಡದು ಮಾಡಿ ನೋಡಿ. ಮಗುನ ನೋಡಬೇಡಿ, ವ್ಯಾನಿನ ಹಿಂದೆ ನೋಡಿ. ಏನಿದೆ? ನಾನು ಹೇಳಿದ್ರೆ ಊರು ಕೇಳಲ್ಲ. ಊರಿಗೆ ನೀವೇ ಹೇಳಬೇಕು. ನಾನು ಮೂಲ ಹುಡುಕ್ತಿರ್ತೀನಿ."

ಬೆನಿಗ್ನಾ ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿದಳು. ವ್ಯಾನಿನ ಹಿಂದೆ ಕಿತ್ತಳೆ ಬಣ್ಣ. ಇನ್ನೂ ಹಿಗ್ಗಿಸಿದಳು. ಚೆಂಡು ಹೂ. ಒಂದಲ್ಲ ಎರಡಲ್ಲ, ಹೊಲಕ್ಕೆ ಹೊಲವೇ. ಗಂಡಸಿನ ಎದೆಮಟ್ಟ ಬೆಳೆದು, ನಾಳೆ ಕೊಯ್ದರೂ ಸರಿ ಎನ್ನುವಂತೆ ಅರಳಿ ನಿಂತ ಹೂವು.

ಸಾಂತಾ ಇನೆಸ್ ಬದುಕುವುದೇ ಆ ಹೂವಿನಿಂದ. ಜೂನ್ ಕೊನೆಯಲ್ಲಿ ಬಿತ್ತನೆ, ಅಕ್ಟೋಬರ್ ಕೊನೆಯಲ್ಲಿ ಸತ್ತವರ ಹಬ್ಬಕ್ಕೆ ಕೊಯ್ಲು. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಏಪ್ರಿಲ್ ತಿಂಗಳಲ್ಲಿ ಆ ಹೊಲಗಳಲ್ಲಿ ಇರುವುದು ಒಣಗಿದ ಹೆಂಟೆ ಮತ್ತು ನಾಯಿಗಳು. ತೊಟ್ಟಿಲಲ್ಲೇ ಚೆಂಡು ಹೂವಿನ ವಾಸನೆ ಕುಡಿದು ಬೆಳೆದ ಮುನ್ನೂರು ಜನ ಬೆಳಿಗ್ಗೆಯಿಂದ ಆ ಚಿತ್ರವನ್ನು ನೋಡಿದ್ದರು, ಮುಂದೆ ಕಳಿಸಿದ್ದರು, ಶಾಪ ಹಾಕಿದ್ದರು. ಹೂವನ್ನು ಒಬ್ಬರೂ ನೋಡಿರಲಿಲ್ಲ. ಭಯ ಎಷ್ಟು ಕುರುಡು ಮಾಡುತ್ತದೆ ಎಂದು ಇನ್ನು ಬೇರೆ ಉದಾಹರಣೆ ಯಾಕೆ ಬೇಕು?

ಅವಳು ಗುಂಪನ್ನು ಮೊಣಕೈಯಿಂದ ಸೀಳಿಕೊಂಡು ಹೋಗಿ ದೋನ್ ಕ್ರೆಸೆನ್ಸಿಯೋ ಮುಂದೆ ಫೋನು ಹಿಡಿದಳು. ಮುದುಕನ ಕೈಯಲ್ಲೂ ಒಂದು ಕಲ್ಲಿತ್ತು, ಅಷ್ಟು ವಯಸ್ಸಿಗೆ.

"ದೋನ್ ಕ್ರೆಸೆನ್ಸಿಯೋ, ಇದು ಯಾವ ತಿಂಗಳ ಬೆಳೆ?"

"ಈಗ ಇದನ್ನ ಕೇಳೋ ಹೊತ್ತೇನೇ?"

"ನೋಡಿ ಹೇಳಿ. ಸತ್ತೋರ ಸುದ್ದಿ ಸುಳ್ಳು ಹೇಳಿದ್ದಕ್ಕೆ ನೀವು ಆವತ್ತು ನನ್ನ ಮರ್ಯಾದೆ ತೆಗೆದ್ರಿ. ಇವತ್ತು ನಿಜ ಹೇಳಿ."

ಮುದುಕ ಫೋನನ್ನು ಮೂಗಿಗೆ ಹತ್ತಿರ ಹಿಡಿದುಕೊಂಡ. ಮುಖ ನಿಧಾನವಾಗಿ ಬದಲಾಯಿತು. ಹೊಲದ ಬದುವಿನ ಮೇಲೆ ನಿಂತಾಗ ಇರುತ್ತಿದ್ದ ಮುಖ ಅದು.

"ಇದು ಹಬ್ಬದ ಕೊಯ್ಲು. ಕೊಯ್ಲಿಗೆ ಎರಡು ಮೂರು ದಿನ ಇದೆ." ಕಣ್ಣೆತ್ತಿ ಬೆನಿಗ್ನಾಳನ್ನು ನೋಡಿದ. "ಇವತ್ತು ಬೆಳಿಗ್ಗೆದು ಅಂದ್ರಲ್ಲೇ?"

"ಅಂದ್ರು. ನಾನೂ ಅಂದೆ."

"ಬೊಗಳೆ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಎವಾರಿಸ್ತೋ, ಹೆದ್ದಾರಿ ಪಕ್ಕದಲ್ಲಿ ಸಸಿಗಳ ನರ್ಸರಿ ಇಟ್ಟುಕೊಂಡವನು. "ಈಗಿನ ಬೀಜ ವರ್ಷವಿಡೀ ಹೂ ಬಿಡುತ್ತೆ ಅಜ್ಜಾ. ನನ್ನ ಕುಂಡದಲ್ಲಿ ಈಗಲೂ ಇದೆ, ಬಂದು ನೋಡು."

"ನಿನ್ನ ಕುಂಡದ ಕುಳ್ಳಿ ಇದಾ? ಮನುಷ್ಯನ ಎದೆಮಟ್ಟ ಇದೆ ಕಣೋ ಇದು, ಕಣ್ಣಿಗೇನು ಹಿಟ್ಟು ಮೆತ್ತಿಕೊಂಡಿದ್ದೀಯಾ?"

"ನೀರು ಗೊಬ್ಬರ ಹಾಕಿದ್ರೆ ಎದೆಮಟ್ಟ ಬರುತ್ತೆ."

"ಏಪ್ರಿಲ್‌ನಲ್ಲಾ? ನಿಮ್ಮಪ್ಪ ಬೆಳೆದಿದ್ನಾ?"

ಹೂ ಬೆಳೆಯುವವರ ಮುಂದೆ ಹೂವಿನ ಮಾತು ಎತ್ತಿದರೆ ಸುಮ್ಮನಿರುವುದು ಅವರ ಕೈಯಲ್ಲಿಲ್ಲ. ಹತ್ತು ಜನ ಫೋನಿನ ಮೇಲೆ ಬಾಗಿದರು, ಇಪ್ಪತ್ತಾದರು. ತಮ್ಮ ತಮ್ಮ ಫೋನುಗಳನ್ನೂ ತೆಗೆದರು. ಹಗಲಿನ ಬೆಳಕು ಹೇಗಿದೆ, ತೋಟ ಯಾರದು, ಸಾಲು ಎಷ್ಟು ಅಗಲ ಬಿಟ್ಟಿದ್ದಾರೆ. "ಇದು ತಿಬೂರ್ಸಿಯೋ ಹೊಲ, ಹಳಿ ಪಕ್ಕದ್ದು, ಆ ವಿದ್ಯುತ್ ಕಂಬ ನೋಡು" ಎಂದ ಒಬ್ಬ. ತಿಬೂರ್ಸಿಯೋ ತನ್ನ ಹೊಲವನ್ನು ಮಾರಿ ಎರಡು ವರ್ಷವಾಗಿತ್ತು, ಈಗ ಅಲ್ಲಿ ಇಟ್ಟಿಗೆ ಗೂಡು ನಿಂತಿತ್ತು. ಅಷ್ಟು ಜನಕ್ಕೆ ಫೋಟೋ ಹಳೆಯದೆಂದು ಖಾತ್ರಿಯಾಯಿತು. ಆದರೆ ಅವರು ಇಪ್ಪತ್ತು, ಬಾಗಿಲಿನ ಬಳಿ ಇದ್ದವರು ಇನ್ನೂರೆಂಬತ್ತು. ಆ ಕಡೆ ಯಾರೋ ಕಲ್ಲಿನಿಂದ ಕಬ್ಬಿಣಕ್ಕೆ ಬಡಿಯುತ್ತಿದ್ದರು, ಒಳಗಿನ ದನಿ ನಿಂತುಹೋಗಿತ್ತು.

ಮೋಟಾರ್‌ಬೈಕ್ ಬಂತು. ಹಿಂದೆ ಕುಳಿತವನ ತೊಡೆಯ ಮೇಲೆ ತುಂಬಿದ ಕ್ಯಾನು. ಜನ ತಾವಾಗಿಯೇ ದಾರಿ ಬಿಟ್ಟರು.

ಅದೇ ಹೊತ್ತಿಗೆ ಬೆನಿಗ್ನಾಳ ಅಂಗೈಯಲ್ಲಿ ಫೋನು ಒಮ್ಮೆ ಅದುರಿತು. ನಾಯೆಲಿ ಚಿತ್ರ ಕಳಿಸಿದ್ದಳು, ಕೆಳಗೆ ನಾಲ್ಕು ಸಾಲು. 'ಮೂಲ ಸಿಕ್ಕಿತು. ನಮ್ಮ ಇಗರ್ಜಿಯ ಅಂತರ್ಜಾಲ ಪುಟದಲ್ಲೇ ಇದೆ, ಮೂರು ವರ್ಷದ ಹಿಂದಿನ ಅಕ್ಟೋಬರ್ ಇಪ್ಪತ್ತೊಂಬತ್ತು. ಅಮ್ಮ ಇದ್ದಾಳೆ. ನೀವೂ ಇದ್ದೀರಿ.'

ಅಂಚು ಕತ್ತರಿಸದ ಚಿತ್ರ ಅಗಲವಾಗಿತ್ತು. ಅದೇ ಬಿಳಿ ವ್ಯಾನು, ಪಾದ್ರಿಯ ಹಳೆಯ ವ್ಯಾನು, ಈಗ ಗುಜರಿಗೆ ಹೋಗಿದೆ. ಅದೇ ಟೋಪಿಯ ಗಂಡಸು, ಅವನು ಚಿತ್ರದ ಹುಡುಗಿಯ ಅಪ್ಪ, ಆ ವರ್ಷ ರೈಲಿನಲ್ಲಿ ಬಂದಿದ್ದ ವಲಸಿಗ. ಕತ್ತರಿಸಿ ತೆಗೆದಿದ್ದ ಎಡಗಡೆಯಲ್ಲಿ ಸಾಂತಾ ಇನೆಸ್‌ನ ಹೆಂಗಸರು ಸಾಲಾಗಿ ನಿಂತಿದ್ದರು. ಮುಂದೆ ಎಲೋಯಿಸಾ, ಎಡತೋಳಿನ ಮೇಲೆ ಮಕ್ಕಳಿಗೆ ಗಿಡ್ಡವಾಗಿಹೋದ ಶಾಲೆಯ ಸ್ವೆಟರುಗಳ ರಾಶಿ, ಬಲಗೈ ಆ ಪುಟ್ಟ ಹುಡುಗಿಯ ತಲೆಯ ಮೇಲೆ, ಬಾಯಿ ತುಂಬ ನಗು. ಪಕ್ಕದಲ್ಲಿ ಕಾಫಿಯ ಪಾತ್ರೆ ಹಿಡಿದ ಬೆನಿಗ್ನಾ. ಕೆಳಗೆ ಪಾದ್ರಿ ಬರೆದಿದ್ದ: 'ರೈಲಿನಲ್ಲಿ ಬರುವ ನಮ್ಮ ಸೋದರರಿಗೆ ಬೆಚ್ಚಗಿನ ಬಟ್ಟೆ ಕೊಟ್ಟ ತಾಯಂದಿರಿಗೆ ದೇವರು ಒಳ್ಳೆಯದು ಮಾಡಲಿ.' ಆ ಚಳಿಗಾಲದಿಂದ ಪ್ರತಿ ವರ್ಷ ಊರಿನ ಹಳೆಯ ಸ್ವೆಟರುಗಳು ಸರಕು ರೈಲು ಹತ್ತಿ ಉತ್ತರಕ್ಕೆ ಹೋಗುವ ವಲಸಿಗರಿಗೆಂದು ಹಳಿ ಪಕ್ಕದಲ್ಲಿದ್ದ ಆಸರೆಮನೆಗೆ ಹೋಗುತ್ತಿದ್ದವು. ಸ್ವೆಟರು ಕೊಡಿ ಎಂದು ಮೈಕಿನಲ್ಲಿ ಕೂಗುತ್ತಿದ್ದವಳೂ ಬೆನಿಗ್ನಾಳೇ.

ಅವಳು ಎಲೋಯಿಸಾಳ ಮುಂದೆ ಮಂಡಿಯೂರಿ ಕುಳಿತು ಚಿತ್ರ ತೋರಿಸಿದಳು.

"ಕೊಮಾದ್ರೆ, ನೋಡು. ನಾವೇ ಕೊಟ್ಟಿದ್ದು."

ಎಲೋಯಿಸಾ ನೋಡಿದಳು. ಆಮೇಲೆ ಮುಖ ತಿರುಗಿಸಿದಳು.

"ನಾನಲ್ಲ ಅದು."

"ನಾಯೆಲಿ ಕಳಿಸಿದ್ದಾಳೆ."

"ಅವಳಿಗೆ ತಾಯಿಗಿಂತ ಫೋಟೋನೇ ಹೆಚ್ಚು. ನಾನಲ್ಲ ಅಂದೆನಲ್ಲ! ಗಂಟೆ ಹೊಡೆದವಳು ನಾನು ಕಣೇ. ಈಗ ಇವರೆಲ್ಲರ ಮುಂದೆ ನಾನು ಏನಂತ ಹೇಳಲಿ?" ಎಲೋಯಿಸಾ ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. "ನೀನು ಇದನ್ನ ಕೂಗಿದ್ರೆ ನಿನಗೂ ನನಗೂ ಇವತ್ತಿಗೆ ಮುಗೀತು."

ಬೆನಿಗ್ನಾ ಎದ್ದಳು. ಐವತ್ತೆಂಟು ವರ್ಷದ ಮಂಡಿಗಳು, ಹತ್ತೊಂಬತ್ತು ಮೆಟ್ಟಿಲು. ತಾರಸಿ ಮುಟ್ಟಿದಾಗ ಮೈಕು ಹಿಡಿಯಲು ಉಸಿರಿರಲಿಲ್ಲ. ಕೆಳಗೆ ಕ್ಯಾನಿನ ಮುಚ್ಚಳ ತೆರೆದ ವಾಸನೆ ಅಷ್ಟು ಎತ್ತರಕ್ಕೂ ಬಂದಿತ್ತು. ಚಿತ್ರವನ್ನು ಊರಿನವರ ಫೋನ್ ಗುಂಪಿಗೆ ಕಳಿಸಿ ಮೈಕಿನ ಗುಂಡಿ ಒತ್ತಿದಳು.

"ನಾನು ಬೆನಿಗ್ನಾ ಸೊಲಾನೊ. ಬೆಳಿಗ್ಗೆ ನಿಮಗೆಲ್ಲಾ ಮೂರು ಸಲ ಸುಳ್ಳು ಹೇಳಿದವಳು ನಾನು. ಯಾರನ್ನೂ ಕೇಳಲಿಲ್ಲ, ಶಾಲೆಗೆ ಒಂದು ಫೋನ್ ಮಾಡಲಿಲ್ಲ. ಸುಡೋದಿದ್ರೆ ಮೊದಲು ಇಲ್ಲಿ ಮೇಲೆ ಬನ್ನಿ, ಬಾಗಿಲು ತೆಗೆದೇ ಇದೆ."

ಚೌಕದಲ್ಲಿ ತಲೆಗಳು ಮೇಲೆದ್ದವು.

"ಈಗ ನಿಮ್ಮ ಫೋನಿಗೆ ಒಂದು ಫೋಟೋ ಬಂದಿದೆ. ಕಳ್ಳರ ಫೋಟೋ ಅಂತ ನೋಡಿದ್ರಲ್ಲ, ಅದೇ, ಕತ್ತರಿಸದೇ ಇರೋದು. ಮೂರು ವರ್ಷ ಹಳೇದು. ಅದರಲ್ಲಿ ಇರೋರ ಹೆಸರು ಓದ್ತೀನಿ."

ಅವಳು ಓದಿದಳು. ಸಾವಿನ ಸುದ್ದಿ ಓದುವಾಗ ಇರುವ ದನಿ ತಾನಾಗಿಯೇ ಬಂದಿತು. ಅಪ್ಪನ ಹೆಸರು ಸಹಿತ, ಬೀದಿಯ ಹೆಸರು ಸಹಿತ. ಮೊದಲು ತನ್ನದು. ಆಮೇಲೆ ರೊಸೆಂಡೋನ ಹೆಂಡತಿ. ಎವಾರಿಸ್ತೋನ ತಾಯಿ. ಕ್ಯಾನು ಹಿಡಿದು ನಿಂತಿದ್ದವನ ಅಕ್ಕ. ಮುಂದಿನ ಹೆಸರು ಕೊಮಾದ್ರೆಯದು. ಇಪ್ಪತ್ತಾರು ವರ್ಷದ ಉಪ್ಪು ಖಾರ ಅದು. ಆದರೂ ಓದಿದಳು.

"ಎಲೋಯಿಸಾ ಪೆರಾಲ್ತಾ. ಆ ಮಗುವಿನ ತಲೆ ಮೇಲೆ ಕೈ ಇಟ್ಟಿರೋಳು ಅವಳು. ಅವತ್ತು ಈ ಊರಲ್ಲಿ ಅವಳಷ್ಟು ಸ್ವೆಟರ್ ಯಾರೂ ತಂದಿರಲಿಲ್ಲ. ಒಳಗಿರೋ ಹೆಂಗಸಿನ ಮಗಳು ಹಾಕ್ಕೊಂಡಿರೋದು ನಾವು ಕೊಟ್ಟ ಬಟ್ಟೆ. ನಾವು ಕೊಟ್ಟಿದ್ದಕ್ಕೇ ಅವರನ್ನ ಕೊಲ್ಲೋಕೆ ಹೊರಟಿದ್ದೀವಿ."

ಪವಾಡವೇನೂ ಆಗಲಿಲ್ಲ. ಯಾರೂ ಅಳಲಿಲ್ಲ, ಕ್ಷಮೆ ಕೇಳಲಿಲ್ಲ. ಜನ ಫೋನು ನೋಡಿದರು, ತಮ್ಮ ಅಮ್ಮನನ್ನೋ ಅತ್ತೆಯನ್ನೋ ಗುರುತು ಹಿಡಿದರು. ಒಬ್ಬಳಿಗೆ ಒಲೆಯ ಮೇಲೆ ಬೇಳೆ ಇಟ್ಟು ಬಂದದ್ದು ನೆನಪಾಯಿತು. ಕ್ಯಾನಿನವನು ಮುಚ್ಚಳ ಹುಡುಕಿ ಹಾಕಿದ. ಕಲ್ಲುಗಳನ್ನು ಯಾರೂ ಎಸೆಯಲಿಲ್ಲ, ಇದ್ದಲ್ಲೇ ಮೆಲ್ಲಗೆ ಬಿಟ್ಟರು. ಹತ್ತು ನಿಮಿಷದಲ್ಲಿ ಚೌಕ ಅರ್ಧ ಖಾಲಿಯಾಯಿತು. 'ಕಣಿವೆ ಕ್ಷಣಕ್ಷಣ' ಮಧ್ಯಾಹ್ನದ ಹೊತ್ತಿಗೆ ಸುದ್ದಿಯನ್ನು ಸದ್ದಿಲ್ಲದೆ ಅಳಿಸಿತು, ತಪ್ಪಾಯಿತು ಎಂದು ಒಂದು ಸಾಲೂ ಬರೆಯಲಿಲ್ಲ. ಅದು ಸುಳ್ಳೆಂದು ಸಾಕ್ಷಿ ಸಮೇತ ನಾಯೆಲಿ ಬರೆದದ್ದನ್ನು ಓದಿದವರು ಕೆಲವೇ ಜನ.

ಎಲೋಯಿಸಾ ಮೆಟ್ಟಿಲಿನಿಂದೆದ್ದು ಚೌಕ ದಾಟಿ ಕಬ್ಬಿಣದ ಬಾಗಿಲಿನವರೆಗೆ ನಡೆದಳು. ಯಾರ ಮುಖವನ್ನೂ ನೋಡಲಿಲ್ಲ. ರೊಸೆಂಡೋ ಬಾಗಿಲನ್ನು ಒಂದು ಗೇಣು ತೆರೆದ. ಒಳಗಿನಿಂದ ಎರಡು ಕೈಗಳು ಬಂದು ಮಗುವನ್ನು ತೆಗೆದುಕೊಂಡವು. ಅವಳು ತಿರುಗಿ ಮನೆಯ ಕಡೆ ಹೋದಳು. ತಾರಸಿಯಿಂದ ಇಳಿದು ಬರುತ್ತಿದ್ದ ಬೆನಿಗ್ನಾಳ ಪಕ್ಕದಲ್ಲೇ ಹಾದುಹೋದಳು, ಗೋಡೆಯ ಪಕ್ಕ ಹಾದುಹೋದ ಹಾಗೆ.

ಬೆನಿಗ್ನಾ ಒಂದು ಬಿಂದಿಗೆ ನೀರು, ಒಂದು ಬಿಳಿ ಬಟ್ಟೆ ಹಿಡಿದು ಠಾಣೆಯ ಕೋಣೆಗೆ ಹೋದಳು. ಗಂಡಸು, ಓಲ್ವಿನ್ ಅಂತೆ, ಗೋಡೆಗೆ ಒರಗಿ ಕುಳಿತಿದ್ದ. ಒಂದು ಕಣ್ಣು ಪೂರಾ ಮುಚ್ಚಿಹೋಗಿತ್ತು. ಹೆಂಗಸಿನ ಹೆಸರು ಸುಯಾಪಾ, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಮಗು ಅವಳ ಕುತ್ತಿಗೆಗೆ ಅಂಟಿಕೊಂಡಿತ್ತು.

"ಆಸರೆಮನೆಯವರು ಕರ್ಕೊಂಡು ಹೋಗೋಕೆ ಬರ್ತಿದ್ದಾರೆ. ಪೊಲೀಸರೂ ಬರ್ತಿದ್ದಾರೆ. ಇನ್ನು ಹೆದರಬೇಡಿ," ಎಂದಳು ಬೆನಿಗ್ನಾ. ಬಟ್ಟೆ ಒದ್ದೆ ಮಾಡಿ ಓಲ್ವಿನ್‌ನ ಹಣೆಗೆ ಹಿಡಿದಳು.

ಸುಯಾಪಾ ಥಟ್ಟನೆ ತಲೆಯೆತ್ತಿದಳು. "ಆ ದನಿ ನಿಮ್ಮದಾ?"

"ಯಾವ ದನಿ?" ಎಂದಳು ಬೆನಿಗ್ನಾ. ಗೊತ್ತಿದ್ದೂ ಕೇಳಿದಳು.

"ಬೆಳಿಗ್ಗೆ ಮೈಕಲ್ಲಿ ಬಂತಲ್ಲ, ಅದು. ನಾವು ಹಳಿ ಪಕ್ಕ ರೈಲಿಗೆ ಕಾಯ್ತಾ ಕೂತಿದ್ವಿ."

"ನಂದೇ. ತಪ್ಪಾಯ್ತಮ್ಮ. ಯಾವ ಬಾಯಲ್ಲಿ ಕ್ಷಮಿಸು ಅನ್ನಲಿ..."

"ಹೊಂಡುರಾಸ್‌ನೋರು ಅಂದಿದ್ದೂ ಕೇಳಿಸ್ತು. ಇವನು ಬೇಡ ಅಂದ, ಊರೊಳಗೆ ಹೋಗೋದು ಬೇಡ, ಇಲ್ಲೇ ಪೊದೇಲಿ ಅಡಗಿಕೊಳ್ಳೋಣ ಅಂದ. ನಾನೇ ಎಳ್ಕೊಂಡು ಬಂದೆ." ಸುಯಾಪಾ ಮಗುವಿನ ಬೆನ್ನು ಸವರಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬೆನಿಗ್ನಾ ತಡೆದುಕೊಳ್ಳುತ್ತಿದ್ದಳು. "ಯಾರೋ ಮಕ್ಕಳನ್ನ ಕದೀತಿದ್ದಾರೆ, ಇವಳನ್ನ ಕಾಪಾಡಬೇಕು ಅನ್ನಿಸ್ತು. ತಾಯಂದಿರೇ, ಮಕ್ಕಳನ್ನ ಎತ್ಕೊಂಡು ಊರೊಳಗೆ ಬನ್ನಿ ಅಂತ ಕರೆದ್ರಲ್ಲ ನೀವು. ನಾನೂ ತಾಯಿನೇ ಅಲ್ವಾ, ನನ್ನನ್ನೂ ಕರೀತಿದ್ದೀರಿ ಅಂದ್ಕೊಂಡೆ."